ಬಿಲ್ಲಿಂಗ್ ತಂತ್ರಾಂಶವನ್ನು ಯಾವ ಭಾಷೆಯಲ್ಲಿ ಬರೆಯಲಿ, ಯಾವ ಡೇಟಾಬೇಸ್ ಬಳಸಲಿ?

ಪ್ರೋಗ್ರಾಮಿಂಗ್ ಕಲಿಯುತ್ತಿರುವವರಿಂದ, ಅದರಲ್ಲೂ ಡಿಪ್ಲೊಮಾ ಅಥವಾ ಬಿಸಿಎ ಮುಗಿಸುವ ಹೊತ್ತಿನಲ್ಲಿರುವವರಿಂದ, ನನಗೆ ಪದೇ ಪದೇ ಬರುವ ಪ್ರಶ್ನೆ ಇದು: ‘ಪರಿಚಯದವರ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡಬೇಕು ಸರ್, ಯಾವ ಭಾಷೆಯಲ್ಲಿ ಮಾಡಲಿ, ಯಾವ ಡೇಟಾಬೇಸ್ ಹಾಕಲಿ?’

ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಈಗಾಗಲೇ ಒಗ್ಗಿರುವ ಭಾಷೆಯಲ್ಲೇ ಬರೆಯಿರಿ. ಅಂಗಡಿಯಲ್ಲಿರುವುದು ವಿಂಡೋಸ್ ಕಂಪ್ಯೂಟರ್ ಆದರೆ ಸಿ ಶಾರ್ಪ್ ಭಾಷೆ ಮತ್ತು ಪರದೆ ಕಟ್ಟುವ ವಿಂಡೋಸ್ ಫಾರ್ಮ್ಸ್ ಜೋಡಿ ಇಂದಿಗೂ ಸಾಕಷ್ಟು ಗಟ್ಟಿಯಾಗಿದೆ. 2002ರಲ್ಲಿ ಡಾಟ್‌ನೆಟ್ ಜೊತೆ ಬಂದ ಅದನ್ನು ಹಳತೆಂದು ಮೂಗು ಮುರಿಯುವವರಿದ್ದರೂ ಈಗಿನ ಡಾಟ್‌ನೆಟ್ ಆವೃತ್ತಿಗಳಲ್ಲಿಯೂ ಅದು ನಡೆಯುತ್ತದೆ. ಪರದೆ ಕಟ್ಟಲು ಪೈಥಾನ್ ಬಲ್ಲವರು ಪೈಸೈಡ್ ಹಿಡಿಯಬಹುದು, ಜಾವಾ ಬಲ್ಲವರು ಜಾವಾಎಫ್‌ಎಕ್ಸ್. ಹಿರಿಯ ವಿದ್ಯಾರ್ಥಿಗಳ ಪ್ರಾಜೆಕ್ಟ್‌ನಿಂದ ಕೈಗೆ ಸಿಕ್ಕಿತೆಂದು ವಿಬಿ 6 (ವಿಷುಯಲ್ ಬೇಸಿಕ್ 6) ಭಾಷೆ ಮತ್ತು ಆಕ್ಸೆಸ್ ಡೇಟಾಬೇಸ್ ಜೋಡಿಯಿಂದ ಮಾತ್ರ ಹೊಸದಾಗಿ ಆರಂಭಿಸಬೇಡಿ. ವಿಬಿ 6 ಬಂದದ್ದು 1998ರಲ್ಲಿ, ಆಕ್ಸೆಸ್ ಕಡತವಂತೂ 2 ಜಿಬಿ ದಾಟುವಂತಿಲ್ಲ.

ಡೇಟಾಬೇಸ್ ವಿಷಯದಲ್ಲಿ ನೋಡಬೇಕಾದದ್ದು ಎಷ್ಟು ಕಂಪ್ಯೂಟರ್‌ಗಳಿಂದ ಬರೆಯುತ್ತಾರೆ ಎಂಬುದನ್ನು. ಒಂದೇ ಆದರೆ ಎಸ್‌ಕ್ಯೂಲೈಟ್ ಸಾಕು. ರಿಚರ್ಡ್ ಹಿಪ್ 2000ದಲ್ಲಿ ಬಿಡುಗಡೆ ಮಾಡಿದ ಈ ಡೇಟಾಬೇಸ್‌ಗೆ ಸರ್ವರ್ ಬೇಡ, ಪರವಾನಗಿ ಶುಲ್ಕವಿಲ್ಲ, ಎಲ್ಲ ಕೋಷ್ಟಕಗಳೂ ಒಂದೇ ಕಡತದಲ್ಲಿರುತ್ತವೆ. ಎರಡು ಗಲ್ಲಾಗಳಿಂದ ಏಕಕಾಲಕ್ಕೆ ಬಿಲ್ ಹಾಕಬೇಕಾದರೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ನಂತಹ ಸರ್ವರ್ ಇರುವ ಡೇಟಾಬೇಸ್‌ಗೇ ಹೋಗಬೇಕು. ಎಸ್‌ಕ್ಯೂಲೈಟ್ ಕಡತವನ್ನು ನೆಟ್‌ವರ್ಕ್‌ನ ಶೇರ್ಡ್ ಫೋಲ್ಡರ್‌ನಲ್ಲಿಟ್ಟು ಎರಡೂ ಕಡೆಯಿಂದ ತೆರೆಯುವ ಅಡ್ಡದಾರಿ ಪರೀಕ್ಷಿಸುವಾಗ ಸರಿಯಾಗಿಯೇ ನಡೆಯುತ್ತದೆ. ಆದರೆ ನೆಟ್‌ವರ್ಕ್ ಫೋಲ್ಡರ್‌ಗಳಲ್ಲಿ ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಕಡತದ ಬೀಗ ನಂಬುವಂತಿರುವುದಿಲ್ಲವಾದ್ದರಿಂದ ಒಂದು ದಿನ ಕಡತ ಕೆಡುತ್ತದೆ.

ಪ್ರಶ್ನೆಗೆ ಉತ್ತರವಾಯಿತು. ಆದರೆ ಇಂತಹ ತಂತ್ರಾಂಶ ಅಂಗಡಿಯಲ್ಲಿ ಬಾಳುತ್ತದೆಯೋ ಇಲ್ಲವೋ ಎಂಬುದು ಭಾಷೆಯ ಆಯ್ಕೆಯಿಂದ ತೀರ್ಮಾನವಾದದ್ದನ್ನು ನಾನು ಕಂಡಿಲ್ಲ. ಕೋಷ್ಟಕಗಳನ್ನು ಹೇಗೆ ರಚಿಸಿದ್ದೀರಿ, ಅವುಗಳಿಗೆ ಹೇಗೆ ಬರೆಯುತ್ತೀರಿ ಎಂಬುದರಿಂದಲೇ ಅದು ತೀರ್ಮಾನವಾಗುತ್ತದೆ. ಹೊಸಬರು ಸಾಮಾನ್ಯವಾಗಿ ಮೊದಲು ಪರದೆ ವಿನ್ಯಾಸ ಮಾಡುತ್ತಾರೆ, ಗುಂಡಿಗಳಿಗೆ ಬಣ್ಣ ಹಚ್ಚುತ್ತಾರೆ, ಆಮೇಲೆ ಪರದೆಯಲ್ಲಿರುವ ಪ್ರತಿ ಪೆಟ್ಟಿಗೆಗೂ ಒಂದೊಂದು ಕಾಲಂ ಸೇರಿಸುತ್ತಾ ಹೋಗುತ್ತಾರೆ. ಬಿಲ್ಲಿನ ಪರದೆಯಲ್ಲಿ ಹತ್ತು ಸಾಲುಗಳಿದ್ದರೆ ಕೋಷ್ಟಕದಲ್ಲಿ ಸಾಮಾನು 1ರಿಂದ ಸಾಮಾನು 10ರವರೆಗೆ ಹತ್ತು ಕಾಲಂಗಳು ಹುಟ್ಟಿಕೊಳ್ಳುತ್ತವೆ, ಹನ್ನೊಂದನೆಯ ಸಾಮಾನು ಕೊಳ್ಳುವ ಗಿರಾಕಿ ಬಂದ ದಿನ ತಂತ್ರಾಂಶ ಕೈಕಟ್ಟಿ ನಿಲ್ಲುತ್ತದೆ. ಅದರ ಬದಲು ಅಂಗಡಿಯ ಬಿಲ್ ಬುಕ್, ಉದ್ರಿ ಪುಸ್ತಕ, ಖರೀದಿ ರಸೀದಿಗಳನ್ನು ಎದುರಿಗಿಟ್ಟುಕೊಂಡು ಕುಳಿತರೆ ಕೋಷ್ಟಕಗಳು ತಾವಾಗಿ ಕಾಣಿಸುತ್ತವೆ: ಗಿರಾಕಿ, ಸಾಮಾನು, ಬಿಲ್, ಬಿಲ್ಲಿನ ಸಾಲು, ಪಾವತಿ. ಉದ್ರಿ ತೀರಿಸುವವರು ಒಂದು ಬಿಲ್ಲಿಗೆ ಮೂರು ಕಂತಿನಲ್ಲಿ ಹಣ ಕೊಡುತ್ತಾರೆ, ಮೂರು ಬಿಲ್ಲುಗಳಿಗೆ ಒಟ್ಟಿಗೆ ಕೊಡುವವರೂ ಇದ್ದಾರೆ. ಪಾವತಿಯನ್ನು ಬಿಲ್ಲಿನ ಒಂದು ಕಾಲಂ ಮಾಡಬಾರದೆಂದು ಆ ಪುಸ್ತಕವೇ ಹೇಳಿಕೊಡುತ್ತದೆ.

ಇಲ್ಲಿ ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜಿಎಸ್‌ಟಿ ದರವನ್ನು ಸಾಮಾನಿನ ಕೋಷ್ಟಕದಲ್ಲಿ ಇಡುವುದು ಸಹಜ. ಬಿಲ್ಲಿನ ಸಾಲಿನಲ್ಲಿ ಸಾಮಾನಿನ ಗುರುತು ಸಂಖ್ಯೆ ಮತ್ತು ಪ್ರಮಾಣವನ್ನಷ್ಟೇ ಇಟ್ಟು, ಬೆಲೆ ಮತ್ತು ತೆರಿಗೆಯನ್ನು ಮುದ್ರಿಸುವಾಗ ಸಾಮಾನಿನ ಕೋಷ್ಟಕದಿಂದ ತಂದುಕೊಂಡರಾಯಿತು ಎಂಬ ವಾದ ಪಠ್ಯಪುಸ್ತಕದ ದೃಷ್ಟಿಯಿಂದ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಒಂದೇ ಮಾಹಿತಿಯನ್ನು ಎರಡು ಕಡೆ ಬರೆಯಬಾರದೆಂದು ಎಲ್ಲರೂ ಕಲಿತಿರುತ್ತಾರೆ. 2025ರ ಸೆಪ್ಟೆಂಬರ್ 22ರಂದು ಶಾಂಪೂ, ತಲೆಗೆಣ್ಣೆ, ಟೂತ್‌ಪೇಸ್ಟ್‌ಗಳ ದರ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಹೀಗೆ ಬರೆದ ತಂತ್ರಾಂಶದಲ್ಲಿ ಅಂದು ದರ ತಿದ್ದಿ, ನಂತರ ಆಗಸ್ಟ್ ತಿಂಗಳ ಬಿಲ್ಲನ್ನು ಮರುಮುದ್ರಿಸಿದರೆ ಅದರಲ್ಲಿ ಶೇ. 5 ಎಂದೇ ಬರುತ್ತದೆ, ಸಲ್ಲಿಸಿಯಾದ ತೆರಿಗೆ ಲೆಕ್ಕಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಸಾಮಾನಿನ ಕೋಷ್ಟಕದಲ್ಲಿರುವುದು ಇಂದಿನ ದರ, ಬಿಲ್ಲಿನ ಸಾಲಿನಲ್ಲಿ ಇರಬೇಕಾದದ್ದು ಮಾರಿದ ದಿನದ ದರ. ಅವು ಎರಡು ಬೇರೆ ಮಾಹಿತಿಗಳಾದ್ದರಿಂದ ಇದರಲ್ಲಿ ಪುನರಾವರ್ತನೆಯ ದೋಷವೇ ಇಲ್ಲ. ಬೆಲೆ ಮತ್ತು ರಿಯಾಯಿತಿಗೂ ಇದೇ ನಿಯಮ. ಗಿರಾಕಿಯ ವಿಳಾಸಕ್ಕೂ ಅನ್ವಯಿಸುತ್ತದೆ ಎಂದು ನನ್ನ ಅಭಿಪ್ರಾಯ.

ಬಿಲ್ ಸಂಖ್ಯೆಯನ್ನು ಡೇಟಾಬೇಸ್ ತಾನಾಗಿ ಕೊಡುವ ಕ್ರಮಸಂಖ್ಯೆಗೆ ಗಂಟುಹಾಕಬೇಡಿ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ಸಂಖ್ಯೆ 16 ಅಕ್ಷರಗಳನ್ನು ಮೀರಬಾರದು, ಅನುಕ್ರಮವಾಗಿರಬೇಕು, ಒಂದು ಹಣಕಾಸು ವರ್ಷದೊಳಗೆ ಮತ್ತೆ ಬರಬಾರದು. ಪೋಸ್ಟ್‌ಗ್ರೆಸ್‌ನಲ್ಲಾದರೆ ಬಿಲ್ ಉಳಿಸುವ ಪ್ರಯತ್ನ ವಿಫಲವಾದರೆ ಅದು ತೆಗೆದುಕೊಂಡ ಕ್ರಮಸಂಖ್ಯೆ ವಾಪಸು ಬರುವುದಿಲ್ಲ, ನಡುವೆ ಸಂಖ್ಯೆಗಳು ಹಾರಿಹೋಗುತ್ತವೆ. ಒಳಗಿನ ಗುರುತಿಗೆ ಒಂದು ಸಂಖ್ಯೆ, ಗಿರಾಕಿಗೆ ಕೊಡುವ ಕಾಗದಕ್ಕೆ ಬೇರೊಂದು ಸಂಖ್ಯೆ ಇರಲಿ. ಬಿಲ್ಲನ್ನು ಅಳಿಸುವ ಗುಂಡಿಯನ್ನಂತೂ ಕೊಡಲೇಬೇಡಿ, ರದ್ದು ಮಾಡುವ ಗುಂಡಿಯನ್ನು ಕೊಡಿ.

ಹಣವನ್ನು ಫ್ಲೋಟ್ ಆಗಿ, ಅಂದರೆ ಭಿನ್ನಾಂಶವನ್ನು ಅಂದಾಜಾಗಿ ಹಿಡಿದಿಡುವ ಸಂಖ್ಯೆಯಾಗಿ, ಇಡುವ ಅಭ್ಯಾಸವನ್ನೂ ಬಿಡಬೇಕು. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಎಂದು ಬರುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಕಾಲಂನ ವಿಧ ಡೆಸಿಮಲ್ ಎಂದು ಬರೆದರೂ ಒಳಗೆ ಭಿನ್ನಾಂಶವನ್ನು ಅದು ಫ್ಲೋಟ್ ಆಗಿಯೇ ಇಡುತ್ತದೆ. ಮೊತ್ತವನ್ನು ಪೈಸೆಯ ಪೂರ್ಣಾಂಕದಲ್ಲಿಟ್ಟು, ತೋರಿಸುವಾಗ ಮಾತ್ರ ರೂಪಾಯಿಗೆ ಬದಲಿಸಿದರೆ ಈ ತಲೆನೋವು ತಪ್ಪುತ್ತದೆ. ಅದೇ ರೀತಿ, ಎಸ್‌ಕ್ಯೂಲೈಟ್ ಫಾರಿನ್ ಕೀ ನಿಯಮಗಳನ್ನು (ಒಂದು ಕೋಷ್ಟಕದ ಸಾಲು ಸೂಚಿಸುವ ಸಾಲು ಇನ್ನೊಂದರಲ್ಲಿ ಇರಲೇಬೇಕೆಂಬ ನಿಯಮಗಳನ್ನು) ಪಾಲಿಸಬೇಕಾದರೆ ಪ್ರತಿ ಸಲ ಸಂಪರ್ಕ ತೆರೆದಾಗಲೂ ಪ್ರಾಗ್ಮಾ ಎಂಬ ಹೊಂದಿಕೆಯ ಆಜ್ಞೆಯಿಂದ ಅದನ್ನು ಚಾಲನೆ ಮಾಡಬೇಕು. ಸಾಮಾನ್ಯವಾಗಿ ಅದು ಆರಿಯೇ ಇರುತ್ತದೆ.

ಇನ್ನು ಬರೆಯುವ ಕ್ರಮ. ಬಿಲ್ ಉಳಿಸುವುದೆಂದರೆ ಬಿಲ್ಲಿನ ತಲೆಬರಹ, ಅದರ ಸಾಲುಗಳು, ದಾಸ್ತಾನಿನ ಕಡಿತ, ಉದ್ರಿಯಾದರೆ ಗಿರಾಕಿಯ ಬಾಕಿ, ಇಷ್ಟನ್ನೂ ಬರೆಯುವುದು. ಎರಡನೆಯ ಸಾಲು ಬರೆದ ಕ್ಷಣಕ್ಕೆ ಕರೆಂಟ್ ಹೋದರೆ ಅರ್ಧ ಬಿಲ್ ಉಳಿಯುತ್ತದೆ, ದಾಸ್ತಾನು ಇಳಿದಿರುವುದಿಲ್ಲ, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿರುವ ಅಂಗಡಿಗಳಲ್ಲಿ ಇದು ಅಪರೂಪದ ಸಂಗತಿಯೇನಲ್ಲ. ಇವೆಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗೆ ಬರೆದರೆ ಒಂದೋ ಎಲ್ಲವೂ ಉಳಿಯುತ್ತವೆ, ಇಲ್ಲವೇ ಯಾವುದೂ ಉಳಿಯುವುದಿಲ್ಲ. ಇದರಿಂದ ವೇಗವೂ ಸಿಗುತ್ತದೆ. ಎಕ್ಸೆಲ್ ಹಾಳೆಯಿಂದ ಐದು ಸಾವಿರ ಸಾಮಾನುಗಳನ್ನು ತುಂಬಿಸುವಾಗ ಪ್ರತಿಯೊಂದನ್ನೂ ಪ್ರತ್ಯೇಕ ಟ್ರಾನ್ಸಾಕ್ಷನ್ ಆಗಿ ಬರೆದರೆ ಎಸ್‌ಕ್ಯೂಲೈಟ್ ಪ್ರತಿ ಸಲವೂ ಡಿಸ್ಕ್‌ಗೆ ಬರೆದು ಮುಗಿಯುವವರೆಗೆ ಕಾಯುತ್ತದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ನಿಮಿಷಗಳೇ ಹಿಡಿಯುವ ಆ ಕೆಲಸ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕ್ಷಣಾರ್ಧದಲ್ಲಿ ಮುಗಿಯುತ್ತದೆ.

ಎಸ್‌ಕ್ಯೂಎಲ್ ವಾಕ್ಯವನ್ನು (ಡೇಟಾಬೇಸ್‌ಗೆ ಕೊಡುವ ಆಜ್ಞೆಯನ್ನು) ಪದ ಪದ ಅಂಟಿಸಿ ಕಟ್ಟಬೇಡಿ ಎಂದರೆ ಹೊಸಬರು ಅದನ್ನು ಹ್ಯಾಕರ್‌ಗಳ ವಿಷಯವೆಂದು ಭಾವಿಸಿ, ನಮ್ಮ ಅಂಗಡಿಗೆ ಯಾವ ಹ್ಯಾಕರ್ ಬರುತ್ತಾನೆ ಎನ್ನುತ್ತಾರೆ. ಹ್ಯಾಕರ್ ಬರಬೇಕಾಗಿಲ್ಲ. ಮಂಗಳೂರಿನ ಯಾವುದೇ ಅಂಗಡಿಗೆ ಬೆಳಗ್ಗೆ ಹಾಲಿಗೆ ಬರುವ ಡಿ'ಸೋಜ ಎಂಬ ಗಿರಾಕಿಯೇ ಸಾಕು. ಆ ಹೆಸರಿನ ನಡುವಿನ ಒಂಟಿ ಉದ್ಧರಣ ಚಿಹ್ನೆ ವಾಕ್ಯದೊಳಗಿನ ಹೆಸರನ್ನು ಅಲ್ಲಿಗೇ ಮುಗಿಸಿ ದೋಷ ತರುತ್ತದೆ. ಬೆಲೆಗಳನ್ನು ಪ್ಯಾರಾಮೀಟರ್‌ಗಳಾಗಿಯೇ, ಅಂದರೆ ವಾಕ್ಯಕ್ಕೆ ಅಂಟಿಸದೆ ಪ್ರತ್ಯೇಕವಾಗಿ, ಕಳಿಸಿ, ಹೆಸರುಗಳನ್ನೂ ಹಾಗೆಯೇ ಕಳಿಸಿ.

ಕನ್ನಡದಲ್ಲಿ ಹೆಸರು ಬರೆಯುವ ಅಂಗಡಿಗೆ ಮಾಡುತ್ತಿದ್ದರೆ ಇನ್ನಷ್ಟು ಎಚ್ಚರ ಬೇಕು, ಇದನ್ನು ಬೇರೆ ಭಾಷೆಯ ಪಾಠಗಳು ಹೇಳಿಕೊಡುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ವಾರ್‌ಕ್ಯಾರ್ ಎಂಬ ವಿಧದ ಕಾಲಂಗೆ ಕನ್ನಡ ಹಾಕಿದರೆ ಸಾಮಾನ್ಯವಾಗಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ, ಯುನಿಕೋಡ್ ಹಿಡಿಯುವ ಎನ್‌ವಾರ್‌ಕ್ಯಾರ್ ಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿ ಇದ್ದರೆ ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಯೇ ಒಳಗೆ ತನ್ನಿ. ‘ಸೋ’ ಎಂಬ ಒಂದೇ ಅಕ್ಷರದ ಓಕಾರವನ್ನು ಯುನಿಕೋಡ್‌ನಲ್ಲಿ ಒಂದು ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಬಿಡಿ ಸಂಕೇತಗಳನ್ನು ಒಂದಾಗಿಸುವ ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರಕ್ಕೆ ಎನ್‌ಎಫ್‌ಸಿ ಏನೂ ಮಾಡುವುದಿಲ್ಲ, ಹುಡುಕಾಟಕ್ಕೆಂದು ಅದನ್ನು ತೆಗೆದ ಪ್ರತ್ಯೇಕ ಕಾಲಂ ಇಡಬೇಕು. ಅನುಕ್ರಮದಲ್ಲಿಯೂ ಒಂದು ವಿಚಿತ್ರವಿದೆ: ವರ್ಣಮಾಲೆಯಲ್ಲಿ ಕೊನೆಗೆ ಬರುವ ‘ಳ’ ಯುನಿಕೋಡ್‌ನಲ್ಲಿ ‘ಲ’ದ ಬೆನ್ನಿಗೇ ಇರುವುದರಿಂದ, ಸಂಕೇತದ ಕ್ರಮದಲ್ಲಿ ಜೋಡಿಸಿದರೆ ‘ಕಳಸ’ ಎಂಬುದು ‘ಕವಿತಾ’ಗಿಂತ ಮೊದಲು ಬರುತ್ತದೆ.

ಡೇಟಾಬೇಸ್ ಕಡತವನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್‌ನಲ್ಲಿ ಇಡಬಾರದು, ಅಲ್ಲಿ ಸಾಮಾನ್ಯ ಬಳಕೆದಾರರಿಗೆ ಬರೆಯುವ ಅನುಮತಿಯಿರುವುದಿಲ್ಲ. ಆ್ಯಪ್‌ಡೇಟಾ ಅಥವಾ ಪ್ರೋಗ್ರಾಮ್‌ಡೇಟಾ ಅದಕ್ಕೆ ತಕ್ಕ ಜಾಗ. ಬ್ಯಾಕಪ್ ಎಂದರೆ ತೆರೆದಿರುವ ಕಡತವನ್ನು ಪೆನ್‌ಡ್ರೈವ್‌ಗೆ ನಕಲು ಮಾಡುವುದಲ್ಲ. ಎಸ್‌ಕ್ಯೂಲೈಟ್‌ನ ವಾಲ್ (WAL) ವಿಧಾನದಲ್ಲಿ, ಅಂದರೆ ಬದಲಾವಣೆಗಳನ್ನು ಮೊದಲು ಬೇರೆ ಕಡತಕ್ಕೆ ಬರೆಯುವ ವಿಧಾನದಲ್ಲಿ, ಇತ್ತೀಚಿನ ಬಿಲ್ಲುಗಳು ಪಕ್ಕದ ಇನ್ನೊಂದು ಕಡತದಲ್ಲಿರಬಹುದು, ಅವು ನಕಲಿನಲ್ಲಿ ಬರುವುದೇ ಇಲ್ಲ. ಎಸ್‌ಕ್ಯೂಲೈಟ್‌ನ ಬ್ಯಾಕಪ್ ಸೌಲಭ್ಯವನ್ನು, ಇಲ್ಲವೇ 2019ರಲ್ಲಿ ಬಂದ ವ್ಯಾಕ್ಯೂಮ್ ಇನ್‌ಟು ಆಜ್ಞೆಯನ್ನು ಬಳಸಿ, ಸಂಜೆ ತಂತ್ರಾಂಶ ಮುಚ್ಚುವಾಗ ಅದು ತಾನಾಗಿ ನಡೆಯಲಿ. ಆ ನಕಲನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ತೆರೆದು, ಕೊನೆಯ ಬಿಲ್ ಅದರಲ್ಲಿದೆಯೇ ಎಂದು ನೋಡುವವರೆಗೆ ಅದನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಮುಂದೆ ಹೊಸ ಕಾಲಂ ಸೇರಿಸಬೇಕಾದಾಗ ಯಾವ ಅಂಗಡಿಯಲ್ಲಿ ಯಾವ ರಚನೆ ಇದೆಯೆಂದು ತಿಳಿಯಲು ಕಡತದೊಳಗೆ ಆವೃತ್ತಿ ಸಂಖ್ಯೆ ಬರೆದಿಡಿ. ಯೂಸರ್ ವರ್ಷನ್ ಎಂಬ ಪ್ರಾಗ್ಮಾ ಇರುವುದೇ ಅದಕ್ಕೆ.

ಪರದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಲ್ಲಾದಲ್ಲಿ ಕುಳಿತವರು ಮೌಸ್ ಮುಟ್ಟದೆ ಇಡೀ ಬಿಲ್ ಹಾಕುವಂತಿರಬೇಕು, ಅಷ್ಟೇ. ಬಾರ್‌ಕೋಡ್ ಸ್ಕ್ಯಾನರ್ ಹೆಚ್ಚಾಗಿ ಕೀಲಿಮಣೆಯಂತೆಯೇ ಅಂಕಿಗಳನ್ನು ಟೈಪ್ ಮಾಡಿ ಕೊನೆಗೆ ಎಂಟರ್ ಒತ್ತುತ್ತದೆ. ಆ ಎಂಟರ್‌ಗೆ ಬಿಲ್ ಸೇವ್ ಆಗಿಬಿಡದಂತೆ ನೋಡಿಕೊಳ್ಳಿ.

ಲೆಕ್ಕಪರಿಶೋಧಕರಿಗೆ ಕೊಡಲು ಸಿಎಸ್‌ವಿ ಕಡತ ತೆಗೆಯುವ ವ್ಯವಸ್ಥೆಯನ್ನು ಮೊದಲ ಆವೃತ್ತಿಯಲ್ಲೇ ಸೇರಿಸಿಬಿಡಿ. ನಾಳೆ ಅಂಗಡಿಯವರು ಬೇರೆ ತಂತ್ರಾಂಶಕ್ಕೆ ಹೋಗುವುದಾದರೆ ಅವರ ಲೆಕ್ಕ ಅವರ ಕೈಯಲ್ಲಿರಬೇಕು. ಕಡತವನ್ನು ಯುಟಿಎಫ್ 8 ಎಂಬ ಯುನಿಕೋಡ್ ರೂಪದಲ್ಲಿ ಬರೆಯುವಾಗ ಆರಂಭದಲ್ಲಿ ಬಿಓಎಂ ಎಂಬ ಮೂರು ಬೈಟ್‌ಗಳ ಗುರುತು ಇರಲಿ, ಅದಿಲ್ಲದಿದ್ದರೆ ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ ಕನ್ನಡದ ಹೆಸರುಗಳನ್ನೆಲ್ಲ ಅರ್ಥವಾಗದ ಚಿಹ್ನೆಗಳಾಗಿ ತೋರಿಸುತ್ತದೆ.