ಅಘನಾಶಿನಿ ದಡದ ಮಣ್ಣುದಾರಿಗಳು: ಆರು ತಿಂಗಳ ಲೆಕ್ಕ

ನನ್ನ ನಕಾಶೆಯಲ್ಲಿ ಈಗ ಮೂರು ಬಣ್ಣದ ಗೆರೆಗಳಿವೆ. ಮಳೆಗಾಲವೊಂದನ್ನು ಬಿಟ್ಟು ಯಾವಾಗಲಾದರೂ ಸೈಕಲ್ ಹೋಗುವ ಮಣ್ಣುದಾರಿಗೆ ಹಸಿರು. ಹೊಳೆಯ ಇಳಿತ ನೋಡಿಕೊಂಡೇ ಹೋಗಬೇಕಾದದ್ದಕ್ಕೆ ನೀಲಿ. ದಾರಿ ಇದ್ದರೂ ನಾನು ಹೋಗುವುದಿಲ್ಲ, ಇನ್ನೊಬ್ಬರಿಗೆ ಹೋಗಿ ಎನ್ನುವುದೂ ಇಲ್ಲ ಎಂಬುದಕ್ಕೆ ಕೆಂಪು. ಅಕ್ಟೋಬರ್ ಕೊನೆಯಲ್ಲಿ ಕೆಲಸಕ್ಕೆ ಕೈ ಹಾಕಿದಾಗ ನನ್ನಲ್ಲಿದ್ದದ್ದು ಹಸಿರು ಒಂದೇ.

ಉದ್ದೇಶ ಸರಳವಾಗಿತ್ತು. ಶಿರಸಿಯ ಮಗ್ಗುಲಲ್ಲಿ ಹುಟ್ಟಿ, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಕಡಲು ಸೇರುವ ಅಘನಾಶಿನಿ ಹೊಳೆಯನ್ನು ಸಾಧ್ಯವಿದ್ದಷ್ಟು ದೂರ, ಲಾರಿ-ಬಸ್ಸುಗಳ ಸದ್ದಿಲ್ಲದ ದಾರಿಯಲ್ಲಿ ಸೈಕಲ್ ಮೇಲೆ ಹಿಂಬಾಲಿಸಬೇಕು. ಈ ಹೊಳೆಗೆ ಎಲ್ಲಿಯೂ ಅಣೆಕಟ್ಟಿಲ್ಲ. ಕಾಳಿಯನ್ನೂ ಶರಾವತಿಯನ್ನೂ ನೋಡಿದವರಿಗೆ ಇದೆಷ್ಟು ದೊಡ್ಡ ಮಾತು ಎಂದು ಗೊತ್ತು. ಆದರೆ ಕುಮಟಾದಿಂದ ಎತ್ತ ಹೊರಟರೂ ಹೆದ್ದಾರಿ ಅಡ್ಡ ಬರುತ್ತದೆ. ಕರಾವಳಿಯುದ್ದಕ್ಕೂ 66, ಶಿರಸಿಯ ಕಡೆಗೆ ದೇವಿಮನೆ ಘಟ್ಟದ 766ಇ. ಚತುಷ್ಪಥವಾದ ಮೇಲೆ 66ರ ಅಂಚಿನಲ್ಲಿ ಸೈಕಲ್ ತುಳಿಯುವುದು ನನಗೆ ಸಂಕಟದ ಕೆಲಸ. ಹಿಂದಿನಿಂದ ಬರುವ ಮೀನು ಲಾರಿಯ ಗಾಳಿಯೇ ಸಾಕು, ಹ್ಯಾಂಡಲ್ ಒಂದು ಗೇಣು ಆಚೆ ಸರಿಯುತ್ತದೆ.

ಮೊದಲು ಮೇಲಿನ ಭಾಗದ ವರದಿ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣಿಯ ಸುತ್ತ ನವೆಂಬರ್‌ನಲ್ಲಿ ನಾಲ್ಕು ಭಾನುವಾರ ತಿರುಗಿದೆ. ಅಡಿಕೆ ತೋಟದಿಂದ ತೋಟಕ್ಕೆ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಹೋಗುವ ಕೆಮ್ಮಣ್ಣಿನ ದಾರಿಗಳು ಅಲ್ಲಿ ಬೇಕಾದಷ್ಟಿವೆ. ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಗಾಡಿ ಬಿಟ್ಟರೆ ವಾಹನ ಅಪರೂಪ. ಇಳಿಜಾರು ಮಾತ್ರ ಕಠಿಣ. ಜಂಬಿಟ್ಟಿಗೆ ನೆಲ ಒಣಗಿದಾಗ ಕಡಲೆಕಾಳಿನಂಥ ದುಂಡು ಹರಳುಗಳು ಮೇಲೆದ್ದು, ಗಾಲಿಯ ಅಡಿಯಲ್ಲಿ ಉರುಳುತ್ತವೆ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಜಾರುವುದು ಖಚಿತ. ನನ್ನದು 40 ಮಿಲಿಮೀಟರ್ ಟೈರಿನ ಉಕ್ಕಿನ ಸೈಕಲ್. ಡಾಂಬರು ರಸ್ತೆಗೆ ತುಂಬುವಷ್ಟು ಗಾಳಿ ತುಂಬಿ ಮೊದಲ ದಿನ ಮೈಕೈಯೆಲ್ಲ ನುಗ್ಗಾದ ಮೇಲೆ, ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವಷ್ಟಕ್ಕೆ ಇಳಿಸಿದೆ. ಅಲ್ಲಿಂದ ಈಚೆಗೆ ಹಿಡಿತವೂ ಬಂತು, ಮುಂಗೈ ನೋವೂ ಹೋಯಿತು. ಚಳಿಗಾಲದ ಬೆಳಗಿನ ಇಬ್ಬನಿ ಬಿದ್ದ ಹೊತ್ತಿನಲ್ಲಿ ಇದೇ ನೆಲ ಹದವಾಗಿ ಕೂತಿರುತ್ತದೆ. ಒಂಬತ್ತು ಗಂಟೆಯೊಳಗೆ ತುಳಿದು ಮುಗಿಸುವುದು ಒಳ್ಳೆಯದು.

116 ಮೀಟರ್ ಎತ್ತರದಿಂದ ಧುಮುಕುವ ಉಂಚಳ್ಳಿ ಜಲಪಾತದ ಕೆಳಗಿನ ಕಣಿವೆಯನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಅದು ಸಿಂಗಳೀಕಗಳ ಕಾಡು, 2011ರಿಂದ ಸಂರಕ್ಷಿತ ಪ್ರದೇಶ. ಅಲ್ಲಿ ಗೆರೆ ಎಳೆಯುವ ಆಸೆ ನನಗಿಲ್ಲ. ಹಾಗಾಗಿ ನಕಾಶೆ ನಡುವೆ ತುಂಡಾಗಿದೆ, ತುಂಡಾಗಿಯೇ ಇರಲಿ.

ಇನ್ನು ಕೆಳಗಿನ ಭಾಗ. ಡಿಸೆಂಬರ್‌ನಿಂದ ನನ್ನ ಮನಸ್ಸೆಲ್ಲ ಅಲ್ಲಿಯೇ.

ಕುಮಟಾ ಪೇಟೆಯಿಂದ ಹೆಗಡೆಗೆ ಹೋಗಿ, ಅಲ್ಲಿಂದ ಮಾಣಿಕಟ್ಟಾದ ಕಡೆಗೆ ತಿರುಗಿದರೆ ಭೂಮಿ ಇದ್ದಕ್ಕಿದ್ದಂತೆ ಚಪ್ಪಟೆಯಾಗುತ್ತದೆ. ಎದುರಿಗೆ ಗಜನಿ ಬಯಲು, ಅಂದರೆ ಉಪ್ಪುನೀರಿನ ಹೊಳೆಯಂಚಿನ ತಗ್ಗು ಗದ್ದೆಗಳು. ಉಪ್ಪುನೀರು ಗದ್ದೆಗೆ ನುಗ್ಗದಂತೆ ಹಾಕಿದ ಖಾರ್‌ಲ್ಯಾಂಡ್ ಒಡ್ಡು ಒಂದು ಬದಿ, ಒಡ್ಡಿನಾಚೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು, ಅದರಾಚೆ ಅಗಲವಾದ ಹೊಳೆ. ಒಡ್ಡಿನ ತಲೆ ಎರಡು ಮೂರು ಅಡಿ ಅಗಲ, ಗಟ್ಟಿ ಮಣ್ಣು, ಏರಿಲ್ಲ, ಇಳಿವಿಲ್ಲ. ಜೊತೆಗೆ ಬೆಳ್ಳಕ್ಕಿ, ಮಿಂಚುಳ್ಳಿ, ಮೇಲೊಂದು ಗರುಡ. ಸೈಕಲ್ಲಿಗೆಂದೇ ಮಾಡಿದಂತಿದೆ ಎಂದು ಅಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಹಸಿರು ಗೆರೆ ಎಳೆದೆ.

ಆ ಮಾತು ತಪ್ಪು. ಅದು ಯಾರಿಗೆಂದು ಮಾಡಿದ್ದು ಎಂಬುದು ಜನವರಿಯಲ್ಲಿ ತಿಳಿಯಿತು.

ಒಡ್ಡಿನ ಮೇಲೆ ಏಡಿ ಬಿಲಗಳಿಗೆ ಮಣ್ಣು ತುಂಬಿ ತುಳಿಯುತ್ತಿದ್ದ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು. ಸಿಟ್ಟಿರಲಿಲ್ಲ. ಹಿಂದಿನ ವಾರದ ನನ್ನದೇ ಗಾಲಿಯ ಗೀರನ್ನು ತೋರಿಸಿದರು. ಅಮಾವಾಸ್ಯೆಯ ಭರತದ (ಕಡಲು ಉಕ್ಕಿ ಹೊಳೆ ಏರುವುದರ) ಮರುದಿನ, ಒಡ್ಡು ಹಸಿಯಿದ್ದಾಗ ನಾನು ಹೋಗಿದ್ದೆ. ಗೀರು ಎರಡು ಬೆರಳು ಆಳ, ಉದ್ದಕ್ಕೆ ಹಾವಿನಂತೆ.

"ತಮ್ಮಾ, ಒಣಗಿದಾಗ ಬಾ, ಅಡ್ಡಿಯಿಲ್ಲ. ಹಸಿಯಲ್ಲಿ ಬಂದರೆ ಈ ಗೀರಿನಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಏಡಿ ಬಿಲ ಹುಡುಕುತ್ತದೆ. ಒಂದು ಬಿಲ ಒಡೆದರೆ ಸಾಕು."

"ತಪ್ಪಾಯಿತು ಗೌಡರೇ, ಗೊತ್ತಿರಲಿಲ್ಲ," ಎಂದೆ. ಅವರು ಬುಟ್ಟಿಯನ್ನು ನನ್ನ ಕಡೆ ಸರಿಸಿದರು. ಆ ಬೆಳಿಗ್ಗೆ ಸೈಕಲ್ ಕಾಂಡ್ಲಾ ಗಿಡಕ್ಕೆ ಒರಗಿಸಿ ನನ್ನ ಗೀರನ್ನು ನಾನೇ ಮುಚ್ಚಿದೆ.

ಒಡ್ಡಿನ ಒಳಗೆ ಬೆಳೆಯುವುದು ಕಗ್ಗ ಭತ್ತ. ಉಪ್ಪಿನಂಶವನ್ನೂ ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಲೆ ಎತ್ತುತ್ತದೆ. ಈ ಹೊಳೆಬಾಯಿಯಲ್ಲಿ ಈ ತಳಿ ಉಳಿದಿರುವುದು ಕೆಲವೇ ಊರುಗಳಲ್ಲಿ. ಹಾಗೆಂದು ಒಡ್ಡೇ ಒಡೆದು ಹೊಳೆಯ ಉಪ್ಪುನೀರು ದಿನಕ್ಕೆರಡು ಸಲ ಬಂದುಹೋಗುವಂತಾದರೆ ಕಗ್ಗವೂ ಬದುಕುವುದಿಲ್ಲ. ನನ್ನ ಸಂತೋಷದ ದಾರಿ ಒಂದು ಊರಿನ ಅನ್ನದ ಗೋಡೆ. ಅಂದು ರಾತ್ರಿಯೇ ಆ ಗೆರೆಯ ಅರ್ಧಭಾಗವನ್ನು ಕೆಂಪು ಮಾಡಿದೆ. ಉಳಿದರ್ಧ, ಕಲ್ಲು ಕಟ್ಟಿದ ಅಗಲ ಒಡ್ಡು, ನೀಲಿಯಾಯಿತು.

ನೀಲಿ ಗೆರೆಗೆ ಗಡಿಯಾರ ಬೇಕು. ಅದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು. ಭರತ ದಿನಕ್ಕೆ ಎರಡು ಸಲ, ಇಳಿತ ಎರಡು ಸಲ, ಒಂದರಿಂದ ಇನ್ನೊಂದಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಜೋರು, ಅಷ್ಟಮಿಯ ಸುತ್ತ ಸಪ್ಪೆ. ಹೀಗಾಗಿ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರೇ ನನ್ನ ಸವಾರಿಯ ವೇಳಾಪಟ್ಟಿಯಾಗಿದೆ. ಅಷ್ಟಮಿ, ನವಮಿಗಳ ಬದಿಯ ರಜಾದಿನಗಳಿಗೆ ಗುರುತು ಹಾಕಿ ಅಂದೇ ಹೋಗುತ್ತೇನೆ. ಹೊಳೆ ತಗ್ಗಿದಾಗ ಬಳಚು (ಚಿಪ್ಪಿನ ಜೀವಿ) ಹೆಕ್ಕುವವರು ಮೊಣಕಾಲು ನೀರಿನಲ್ಲಿ ನಿಂತಿರುತ್ತಾರೆ. ಅವರು ನೀರಿಗಿಳಿದಿದ್ದರೆ ನನಗೂ ದಾರಿ ತೆರೆದಿದೆ ಎಂದು ಅರ್ಥ. ಮೊಬೈಲಿನ ಯಾವ ಆ್ಯಪ್‌ಗಿಂತಲೂ ಈ ಗುರುತನ್ನು ನಾನು ನಂಬುತ್ತೇನೆ.

ಫೆಬ್ರುವರಿಯಲ್ಲಿ ಒಂದೇ ದಿನದ ಸುತ್ತನ್ನು ಪೂರ್ತಿ ಮಾಡಿದೆ. ಹೆಗಡೆ, ಮಾಣಿಕಟ್ಟಾ, ಕಾಗಾಲದ ಕಡೆಯ ಒಳದಾರಿ, ಅಘನಾಶಿನಿ ಊರು. ಅಲ್ಲಿ ಸೈಕಲ್ಲನ್ನು ದೋಣಿಗೆ ಹತ್ತಿಸಿ ತದಡಿಯ ದಡ. ಆಮೇಲೆ ಸಾಣಿಕಟ್ಟಾದ ಉಪ್ಪಿನ ಆಗರಗಳ ಬದಿ. ಆಗರದಲ್ಲಿ ಉಪ್ಪು ಕೂಡುವ ಕಾಲ, ಬಿಸಿಲಿಗೆ ಬಿಳಿ ಗುಪ್ಪೆಗಳು ಕಣ್ಣು ಕುಕ್ಕುತ್ತಿದ್ದವು. ಮಿರ್ಜಾನ ಕೋಟೆಯ ಜಂಬಿಟ್ಟಿಗೆ ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಎರಡೂವರೆ ಗಂಟೆ. ಅಲ್ಲಿಂದ ಹೊಳೆ ದಾಟಿ ಕುಮಟಾಕ್ಕೆ ಮರಳಲು ಹೆದ್ದಾರಿಯ ಸೇತುವೆಯನ್ನು ತಪ್ಪಿಸುವ ಉಪಾಯ ಸಿಕ್ಕಿಲ್ಲ. ಅಷ್ಟು ಮಾತ್ರ ಇಡೀ ಸುತ್ತಿನ ಕಹಿ.

ಉಪ್ಪಿನ ಬಗ್ಗೆ ಎಚ್ಚರಿಕೆಯೊಂದು. ಈ ಭಾಗದಲ್ಲಿ ತಿರುಗಿದ ದಿನವೇ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು, ಚೈನ್ ಒರೆಸಿ ಎಣ್ಣೆ ಬಿಡಬೇಕು. ಒಂದು ರಾತ್ರಿ ಹಾಗೇ ಬಿಟ್ಟಿದ್ದಕ್ಕೆ ಬೆಳಿಗ್ಗೆ ಕೊಂಡಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು.

2024ರಲ್ಲಿ ಈ ಹೊಳೆಬಾಯಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನೋಡಲು ಬರುವವರು ಹೆಚ್ಚುತ್ತಾರೆ, ಅವರಲ್ಲಿ ಸೈಕಲ್ ತರುವವರೂ ಇರುತ್ತಾರೆ. ಅದಕ್ಕೇ ಕೆಂಪು ಗೆರೆಗಳನ್ನು ಅಳಿಸದೆ ಉಳಿಸಿಕೊಂಡಿದ್ದೇನೆ. ಗೆರೆಯೇ ಇಲ್ಲದಿದ್ದರೆ ಇನ್ನೊಬ್ಬರು ಬಂದು, ನನ್ನಂತೆಯೇ ಹೊಸ ದಾರಿ ಕಂಡುಹಿಡಿದೆನೆಂದು ಹಿಗ್ಗುತ್ತಾರೆ.

ಬಾಕಿ ಇರುವುದು ಉಪ್ಪಿನಪಟ್ಟಣದ ಕಡೆಯ ದಡ. ಒಂದು ಕಾಲಕ್ಕೆ ಕಡಲಿನಿಂದ ದೋಣಿಗಳು ಅಲ್ಲಿಯವರೆಗೆ ಬರುತ್ತಿದ್ದವಂತೆ. ಕಳೆದ ವಾರ ಅತ್ತ ಅರ್ಧ ದಾರಿ ಹೋಗಿ ಬಂದೆ. ಒಂದು ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕವಿದೆ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟಬೇಕು. ಸಂಕದಾಚೆ ದಾರಿ ಯಾರ ಅಂಗಳಕ್ಕೆ ಹೋಗುತ್ತದೆ ಎಂದು ಕೇಳಿಕೊಂಡು ಬಂದಿದ್ದೇನೆ. ಮನೆಯವರು ಭಾನುವಾರ ಸಿಗುತ್ತಾರೆ. ಅವರನ್ನು ಕಂಡು ಮಾತಾಡಿದ ಮೇಲೆ ಬಣ್ಣ ಹಾಕುತ್ತೇನೆ.