ಕಲಬುರಗಿಯಿಂದ ಗೋಕರ್ಣಕ್ಕೆ: ಅಲೆ ಕಡಿಮೆ ಇದೆ ಅಂತ ಅಲ್ಲೇ ಇಳಿಯಬೇಡಿ

ಮೊದಲೇ ಹೇಳಿಬಿಡ್ತೀನಿ, ಯಾರೂ ಕುಡಿದಿರಲಿಲ್ಲ. ಊರಿಗೆ ಬಂದ ಮೇಲೆ ಎಲ್ಲರೂ ಮೊದಲು ಕೇಳಿದ್ದು ಅದನ್ನೇ. ಇನ್ನೂ ಬೆಳಕಿತ್ತು, ಹುಡುಗನಿಗೆ ಈಜು ಬರುತ್ತಿತ್ತು, ಮಳೆಗಾಲ ಮುಗಿದು ಎರಡು ತಿಂಗಳಾಗಿತ್ತು. ಆದರೂ ನಮ್ಮ ಹುಡುಗ ಸಮುದ್ರದಲ್ಲಿ ಹೋಗೇಬಿಟ್ಟ ಅಂದುಕೊಂಡ ಹತ್ತು ನಿಮಿಷ ಇತ್ತಲ್ಲ, ಅದನ್ನು ಬಿಟ್ಟು ಬರೀ ರೂಟು, ರೂಮು, ರೇಟು ಬರೆದರೆ ನಿಮಗೆ ಅರ್ಧ ಹೇಳಿದಂತೆ.

ನಾವು ಹನ್ನೊಂದು ಜನ, ಕಲಬುರಗಿಯ ಒಂದು ದಾಲ್ ಮಿಲ್‌ನವರು. ನಾನು ಲೆಕ್ಕ ಬರೆಯುವವನು. ಜನವರಿಯಲ್ಲಿ ಹೊಸ ತೊಗರಿ ಬರೋಕೆ ಶುರುವಾದರೆ ನಮಗೆ ಊಟಕ್ಕೂ ಪುರುಸೊತ್ತು ಇರಲ್ಲ. ಹಾಗಾಗಿ ಡಿಸೆಂಬರ್ ಮೊದಲ ವಾರ ಅಂತ ಗಟ್ಟಿ ಮಾಡಿದೆವು. ಹನ್ನೊಂದರಲ್ಲಿ ಆರು ಜನ ಸಮುದ್ರವನ್ನೇ ನೋಡಿರಲಿಲ್ಲ. ನಮ್ಮ ಕಡೆ ನೀರು ಅಂದರೆ ಅಪ್ಪನ ಕೆರೆ, ಭೀಮಾ ಹೊಳೆ, ಹೊಲದ ಬಾವಿ. ಅಷ್ಟೇ.

ದಾರಿ ಸುಮಾರು 500 ಕಿಲೋಮೀಟರ್. ಜೇವರ್ಗಿ, ಸಿಂದಗಿ, ವಿಜಯಪುರ, ಕೊಲ್ಹಾರ, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅಂಕೋಲಾ. ವಿಜಯಪುರದಿಂದ ಅಂಕೋಲಾದವರೆಗೆ ಒಂದೇ ರಾಷ್ಟ್ರೀಯ ಹೆದ್ದಾರಿ, 52. ಅಂಕೋಲಾದಲ್ಲಿ 66ನೇ ಹೆದ್ದಾರಿ ಹಿಡಿದು ಕುಮಟಾ ಕಡೆ ಬಂದರೆ ಮಾದನಗೇರಿ ಸಿಗುತ್ತದೆ. ಅಲ್ಲಿ ಗೋಕರ್ಣಕ್ಕೆ ಬಲಕ್ಕೆ ತಿರುಗಬೇಕು. ನಾವು ಟೆಂಪೋ ಟ್ರಾವೆಲರ್ ಮಾಡಿಕೊಂಡೆವು. ಬಾಡಿಗೆ ಮಾತಾಡುವಾಗ ಕಿಲೋಮೀಟರ್ ರೇಟ್ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿಯುತ್ತಾರೆ, ಡ್ರೈವರ್ ಬಾಟಾ ಎಷ್ಟು, ಟೋಲ್ ಯಾರದು, ಇವಿಷ್ಟನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಗಾಡಿ ಬೇಡ ಅಂದರೆ ಹುಬ್ಬಳ್ಳಿವರೆಗೆ ಬಸ್ಸು, ಅಲ್ಲಿಂದ ಅಂಕೋಲಾಗೆ ಇನ್ನೊಂದು ಬಸ್ಸು. ಹನ್ನೊಂದು ಜನರನ್ನು ಎಣಿಸಿ ಎಣಿಸಿ ಹತ್ತಿಸುವ ತಾಳ್ಮೆ ಮಾತ್ರ ಬೇಕು.

ಶುಕ್ರವಾರ ರಾತ್ರಿ ಎಂಟಕ್ಕೆ ಬಿಟ್ಟೆವು. ಇಲ್ಲಿ ಒಂದು ಮಾತು ನೆನಪಿಡಿ: ಯಲ್ಲಾಪುರ ದಾಟಿದ ಮೇಲೆ ಬರುವ ಅರಬೈಲ್ ಘಾಟನ್ನು ಬೆಳಕಿನಲ್ಲೇ ಇಳಿಯಿರಿ. ನಮ್ಮ ಬಯಲು ಸೀಮೆಯ ಡ್ರೈವರ್‌ಗಳಿಗೆ ನೇರ ರಸ್ತೆ ರೂಢಿ. ಘಾಟಿನಲ್ಲಿ ಲಾರಿಗಳ ಸಾಲು, ಬೆಳಗಿನ ಜಾವ ಮಂಜು. ನಾವು ಯಲ್ಲಾಪುರದಲ್ಲಿ ಗಾಡಿ ನಿಲ್ಲಿಸಿ, ಡ್ರೈವರ್ ಅಣ್ಣನನ್ನು ಒಂದೂವರೆ ತಾಸು ಮಲಗಿಸಿ, ಬೆಳಕು ಹರಿದ ಮೇಲೆ ಹೊರಟೆವು. ಮಳೆಗಾಲದಲ್ಲಂತೂ ಈ ಕಡೆ ಬರುವ ಯೋಚನೆಯನ್ನೇ ಬಿಡಿ. 2024ರ ಜುಲೈನಲ್ಲಿ ಗುಡ್ಡ ಕುಸಿದ ಶಿರೂರು ಇದೇ ಅಂಕೋಲಾ ದಾಟಿದ ಮೇಲೆ ಸಿಗುತ್ತದೆ. ಅಲ್ಲಿ ಬಂದಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಊಟದ ವಿಷಯ ಜಾಸ್ತಿ ಬೆಳೆಸಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಂಡು ಹೋಗಿ. ಎರಡನೇ ದಿನ ಅನ್ನ ನೋಡಿದರೆ ನಮ್ಮವರ ಮುಖ ಸಣ್ಣಗಾಗುತ್ತದೆ. ರೊಟ್ಟಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಡಿ. ಕರಾವಳಿ ಗಾಳಿಗೆ ಅರ್ಧ ದಿನದಲ್ಲಿ ಮೆತ್ತಗಾಗಿ ರಬ್ಬರ್ ಆಗುತ್ತದೆ. ಮಹಾಬಲೇಶ್ವರ ದೇವಸ್ಥಾನಕ್ಕೆ ಗಂಡಸರು ಪಂಚೆ ಉಟ್ಟು, ಅಂಗಿ ಬಿಚ್ಚಿ ಹೋಗಬೇಕು. ಊರಿಂದಲೇ ಪಂಚೆ ತಂದರೆ ಬಾಗಿಲಲ್ಲಿ ಪರದಾಡೋದು ತಪ್ಪುತ್ತದೆ.

ಶನಿವಾರ ದರ್ಶನ, ಊಟ, ನಿದ್ದೆ ಎಲ್ಲ ಮುಗಿದು ಬೀಚಿಗೆ ಇಳಿದಾಗ ಸಂಜೆ ಐದು. ಊರ ಮುಂದಿನ ದೊಡ್ಡ ಬೀಚು ಅದು. ಕುಡ್ಲೆ, ಓಂ ಬೀಚುಗಳನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದೆವು. ಹೋಗಲು ಆಗಲೇ ಇಲ್ಲ, ಆ ಮಾತು ಬೇರೆ. ಜನ ಗುಂಪುಗುಂಪಾಗಿ ನೊರೆ ಇದ್ದ ಕಡೆ ಕುಣಿಯುತ್ತಿದ್ದರು. ನಮ್ಮ ಮೇಡಂಗಳು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಒಂದೊಂದು ಅಲೆ ಬಂದಾಗಲೂ ಕಿರುಚಿ ಹಿಂದೆ ಓಡುತ್ತಿದ್ದರು.

ಆಗ ನಮ್ಮ ಗೋದಾಮಿನ ಅಣ್ಣ ಸ್ವಲ್ಪ ಎಡಕ್ಕೆ ಕೈ ತೋರಿಸಿದರು. ಅಲ್ಲಿ ಹತ್ತು ಹದಿನೈದು ಮಾರು ಅಗಲದ ಜಾಗದಲ್ಲಿ ಅಲೆಯೇ ಇರಲಿಲ್ಲ. ಎರಡೂ ಕಡೆ ಬಿಳಿ ನೊರೆ ಏಳುತ್ತಿತ್ತು, ನಡುವೆ ನೀರು ಸಪಾಟಾಗಿ, ಸ್ವಲ್ಪ ಕಪ್ಪಗೆ ಇತ್ತು. ಮಂದಿಯೂ ಇಲ್ಲ.

"ಇಲ್ಲಿ ಶಾಂತ ಅದ ನೋಡ್ರಿ. ಇಲ್ಲೇ ಇಳಿಯಾಮು" ಅಂದರು.

ಯಾರಾದರೂ ಒಬ್ಬರು ಕೇಳಬೇಕಿತ್ತಲ್ವಾ, ಅಷ್ಟು ಚೆಂದದ ಜಾಗ ಖಾಲಿ ಯಾಕೆ ಬಿದ್ದಿದೆ ಅಂತ? ಕೇಳಲಿಲ್ಲ. ದೂರದಲ್ಲಿ ಲೈಫ್‌ಗಾರ್ಡ್ ಸೀಟಿ ಊದುತ್ತಿದ್ದ. "ಸೀಟಿ ಊದಲತ್ತಾನ, ನಮಗೇನು?" ಅಂತ ಒಬ್ಬರು ಕೇಳಿದರು. "ಅವ ಎಲ್ಲರಿಗೂ ಊದತಾನ ಬಿಡ್ರಿ" ಅಂದದ್ದು ನಾನೇ. ಬರೆಯೋಕೆ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ.

ಮಿಲ್‌ನಲ್ಲಿ ತೂಕದ ಕಾಟಾ ನೋಡಿಕೊಳ್ಳುವ ಹುಡುಗ ಮೊದಲು ಇಳಿದ. ಇಪ್ಪತ್ತನಾಲ್ಕು ವಯಸ್ಸು, ಭೀಮಾ ದಂಡೆಯ ಊರಿನವನು. "ಸರ, ನಾ ನಡಕ್ಕ ಬೆಂಡು ಕಟ್ಟಿಕೊಂಡು ಬಾವ್ಯಾಗ ಕಲ್ತಾವ ಅದೀನ್ರಿ" ಅಂತ ದಾರಿಯುದ್ದಕ್ಕೂ ಹೇಳಿದ್ದ. ಸೊಂಟದ ಮಟ್ಟ ನೀರಿನಲ್ಲಿ ನಿಂತು ನಮ್ಮ ಕಡೆ ತಿರುಗಿ ನಕ್ಕ. ಮುಂದಿನ ಸಲ ನೋಡಿದಾಗ ಎದೆಮಟ್ಟ. ಅವನು ಮುಂದೆ ಹೋಗಿರಲಿಲ್ಲ, ನೀರೇ ಒಯ್ದಿತ್ತು. ಅವನಿಗೂ ಅದು ಗೊತ್ತಾಯಿತು. ದಡದ ಕಡೆ ಕೈ ಹಾಕತೊಡಗಿದ. ಜೋರಾಗಿಯೇ ಈಜಿದ. ಆದರೆ ನಮಗೂ ಅವನಿಗೂ ನಡುವಿನ ದೂರ ಹೆಚ್ಚುತ್ತಲೇ ಹೋಯಿತು. ಎರಡು ನಿಮಿಷದಲ್ಲಿ ಕೈ ಎತ್ತುವುದು ನಿಧಾನವಾಯಿತು. ಅವನು ಕೂಗಲಿಲ್ಲ. ಮುಳುಗುವವರು ಕೂಗುತ್ತಾರೆ ಅಂದುಕೊಂಡಿದ್ದೆ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರು ತಗೊಳ್ಳೋಕೇ ಆಗಲ್ಲ, ಇನ್ನು ಕೂಗೋದೆಲ್ಲಿ?

ಬಿಲ್ಲಿಂಗ್ ಹುಡುಗ ತಡೆಯಲಾರದೆ ಓಡಿದ. ಅವನಿಗೆ ಈಜು ಅಷ್ಟಕ್ಕಷ್ಟೇ. ಹತ್ತು ಹೆಜ್ಜೆಗೆ ಅವನ ಕಾಲೂ ಕಿತ್ತಿತು. ಈಗ ಇಬ್ಬರು.

ಆಗ ತಲೆ ಓಡಿದ್ದು ಡ್ರೈವರ್ ಅಣ್ಣನಿಗೆ. ಕಾಲಿನ ಮರಳು ತೊಳೆಯೋಕೆ ಅಂತ 20 ಲೀಟರಿನ ನೀರಿನ ಕ್ಯಾನ್ ಹೊತ್ತು ತಂದಿದ್ದ. ಅದನ್ನು ಬಗ್ಗಿಸಿ ಗಳಗಳ ಖಾಲಿ ಮಾಡಿ, ಮುಚ್ಚಳ ಬಿಗಿದು, ತಾನು ಮೊಣಕಾಲಿನ ನೀರು ದಾಟದೆ ಅಲ್ಲೇ ನಿಂತು ಎಸೆದ. ಕ್ಯಾನ್ ಅದೇ ಸೆಳೆತಕ್ಕೆ ಸಿಕ್ಕಿ ಬಿಲ್ಲಿಂಗ್ ಹುಡುಗನ ಕಡೆಗೇ ತೇಲಿ ಹೋಯಿತು. ಅವನು ಅದನ್ನು ಎದೆಗೆ ಅವಚಿಕೊಂಡ. ಖಾಲಿ ಕ್ಯಾನ್ ಒಬ್ಬ ಮನುಷ್ಯನನ್ನು ತೇಲಿಸುತ್ತದೆ ಅಂತ ನಾನು ನೋಡಿದ್ದು ಅವತ್ತೇ.

ಲೈಫ್‌ಗಾರ್ಡ್ ಅಷ್ಟರಲ್ಲಿ ಓಡಿ ಬಂದಿದ್ದ, ಕೈಯಲ್ಲಿ ಕೆಂಪು ತೇಲುಬೆಂಡು. ವಿಚಿತ್ರ ಅಂದರೆ ಅವನು ಆ ಸೆಳೆತವನ್ನೇ ಹಿಡಿದು ಸೀದಾ ಕಾಟಾ ಹುಡುಗನ ಹತ್ತಿರ ಹೋದ. ವಾಪಸ್ ಬರುವಾಗ ಮಾತ್ರ ನಮ್ಮ ಕಡೆ ಬರಲಿಲ್ಲ. ದಡಕ್ಕೆ ಸಮನಾಗಿ ಬಲಕ್ಕೆ ಈಜಿದ. ನೊರೆ ಏಳುವ ಜಾಗ ಸಿಕ್ಕ ಮೇಲೆ ಅಲೆಗಳೇ ಇಬ್ಬರನ್ನೂ ದಡಕ್ಕೆ ನೂಕಿದವು. ಬಿಲ್ಲಿಂಗ್ ಹುಡುಗನನ್ನು ಇನ್ನಿಬ್ಬರು ಸ್ಥಳೀಯರು ಹಾಗೇ ಸುತ್ತುಹಾಕಿ ತಂದರು.

ಕಾಟಾ ಹುಡುಗನಿಗೆ ಉಸಿರಿತ್ತು. ತುಟಿ ನೀಲಿ, ಬಾಯಲ್ಲಿ ನೊರೆ, ಬಿಡದ ಕೆಮ್ಮು. ಗೋದಾಮಿನ ಅಣ್ಣ ನಮ್ಮ ಊರ ಪದ್ಧತಿಯಂತೆ ಹೊಟ್ಟೆ ಒತ್ತಿ ನೀರು ತೆಗೆಯೋಕೆ ಹೋದರು. ಲೈಫ್‌ಗಾರ್ಡ್ ಅವರ ಕೈ ತಳ್ಳಿದ. ಹೊಟ್ಟೆ ಒತ್ತಿದರೆ ಒಳಗಿನದೆಲ್ಲ ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಇನ್ನೂ ಕೆಡುತ್ತದೆ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಬೇಕು. ಉಸಿರೇ ಇಲ್ಲದಿದ್ದರೆ ಬಾಯಿಗೆ ಬಾಯಿ ಕೊಟ್ಟು ಉಸಿರು ಊದಬೇಕು, ಎದೆಯ ನಡುವೆ ಎರಡೂ ಕೈಯಿಟ್ಟು 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. 30 ಸಲ ಒತ್ತು, 2 ಸಲ ಉಸಿರು. ವೇಗ ನಿಮಿಷಕ್ಕೆ 100ರಿಂದ 120. ಇದನ್ನು ಹೊರಡುವ ಮುಂಚೆಯೇ ಗುಂಪಿನಲ್ಲಿ ಒಬ್ಬರಾದರೂ ಕಲಿತಿರಲಿ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾಲು ಗಂಟೆಗೆ ಹುಡುಗ ಎದ್ದು ಕೂತ. "ನನಗೇನಾಗಿಲ್ರಿ, ಚಾ ಕುಡಿಸ್ರಿ" ಅಂದ. ನಾವೂ ರೂಮಿಗೆ ಹೊರಟಿದ್ದೆವು. ಲೈಫ್‌ಗಾರ್ಡ್ ಬಿಡಲಿಲ್ಲ. ನೀರು ಕುಡಿದವರಿಗೆ ಎಷ್ಟೋ ತಾಸಾದ ಮೇಲೂ ಉಸಿರಾಟ ಕೆಡಬಹುದು, ಆಸ್ಪತ್ರೆಗೆ ತೋರಿಸದೆ ಮಲಗಿಸಬೇಡಿ ಅಂದ. ಒಯ್ದೆವು. ರಾತ್ರಿ ಹತ್ತರ ಹೊತ್ತಿಗೆ ಅವನ ಉಸಿರು ಗೊರಗೊರ ಅನ್ನತೊಡಗಿತು. ಆಕ್ಸಿಜನ್ ಹಾಕಿ ಬೆಳಗಿನ ತನಕ ನೋಡಿಕೊಂಡರು. ರೂಮಿನಲ್ಲಿ ಮಲಗಿಸಿದ್ದರೆ ನಾವು ಅದನ್ನು ಗೊರಕೆ ಅಂದುಕೊಳ್ಳುತ್ತಿದ್ದೆವು.

ಆಸ್ಪತ್ರೆಯಲ್ಲಿ ಕೇಳಿದ್ದು ಆಧಾರ್ ಕಾರ್ಡು ಮತ್ತು ಮನೆಯವರ ನಂಬರು. ಎರಡೂ ಅವನ ಮೊಬೈಲಿನಲ್ಲಿದ್ದವು, ಮೊಬೈಲು ಅವನ ಚಡ್ಡಿ ಕಿಸೆಯಲ್ಲಿ ಉಪ್ಪು ನೀರು ಕುಡಿದು ಸತ್ತಿತ್ತು. ಹೊರಡುವ ಮುಂಚೆ ಎಲ್ಲರ ಮನೆ ನಂಬರು, ರಕ್ತದ ಗುಂಪು, ಇರುವ ಕಾಯಿಲೆ ಒಂದು ಹಾಳೆಯಲ್ಲಿ ಬರೆದು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಇಡಿ. ಆಂಬುಲೆನ್ಸ್‌ಗೆ 108, ಪೊಲೀಸ್ ಸೇರಿ ಯಾವ ತುರ್ತಿಗೂ 112.

ಭಾನುವಾರ ಬೆಳಿಗ್ಗೆ ಉಳಿದವರನ್ನು ಮಿರ್ಜಾನ್ ಕೋಟೆ ನೋಡೋಕೆ ಕಳಿಸಿ, ನಾನು ಲೈಫ್‌ಗಾರ್ಡ್‌ಗೆ ಥ್ಯಾಂಕ್ಸ್ ಹೇಳೋಕೆ ಹೋದೆ. ದುಡ್ಡು ಮುಟ್ಟಲಿಲ್ಲ. ಮರಳು ದಿಬ್ಬದ ಮೇಲೆ ನನ್ನನ್ನು ನಿಲ್ಲಿಸಿ ನೀರು ಓದೋದು ಹೇಳಿಕೊಟ್ಟ. ಅಲೆಗಳು ದಡಕ್ಕೆ ತಂದು ಸುರಿಯುವ ನೀರೆಲ್ಲ ವಾಪಸ್ ಹೋಗಬೇಕಲ್ಲ, ಅದು ಮರಳು ಆಳವಿರುವ ಒಂದು ಇಕ್ಕಟ್ಟು ದಾರಿ ಹುಡುಕಿಕೊಂಡು ಹೊಳೆಯ ಹಾಗೆ ಒಳಗೆ ಹರಿಯುತ್ತದೆ. ಆಳ ಇರುವುದರಿಂದ ಅಲ್ಲಿ ಅಲೆ ಒಡೆಯಲ್ಲ. ಅದಕ್ಕೇ ಶಾಂತವಾಗಿ, ಕಪ್ಪಗೆ ಕಾಣುತ್ತದೆ. ರಿಪ್ ಕರೆಂಟ್ ಅನ್ನುವುದು ಇದಕ್ಕೇ. ಜೋರಿದ್ದರೆ ಸೆಕೆಂಡಿಗೆ 2 ಮೀಟರ್‌ವರೆಗೂ ಎಳೆಯುತ್ತದೆ. ಅಂದರೆ 50 ಮೀಟರ್ ದೂರ 25 ಸೆಕೆಂಡಿನಲ್ಲಿ. ಅದಕ್ಕೆ ಎದುರು ಯಾವ ಬಾವಿ ಈಜೂ ನಡೆಯಲ್ಲ.

ಇನ್ನೊಂದು ವಿಷಯ ಅಲ್ಲೇ ತಿಳಿದದ್ದು: ಈ ಸೆಳೆತ ನಿಮ್ಮನ್ನು ಒಳಗೆ ಒಯ್ಯುತ್ತದೆ, ಕೆಳಗೆ ಎಳೆಯಲ್ಲ. ಮುಳುಗಿಸೋದು ದಣಿವು. ಸಿಕ್ಕಿಬಿದ್ದರೆ ದಡದ ಕಡೆ ಈಜಬೇಡಿ. ಮಲಗಿ ತೇಲಿ, ಒಂದು ಕೈ ಎತ್ತಿ ಬೀಸಿ. ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಎಡಕ್ಕೋ ಬಲಕ್ಕೋ ಈಜಿ, ನೊರೆ ಸಿಕ್ಕ ಮೇಲೆ ದಡಕ್ಕೆ ಬನ್ನಿ. ದಡದಲ್ಲಿ ಇದ್ದವರು ನೀರಿಗೆ ಹಾರಬೇಡಿ. ತೇಲುವುದು ಏನಿದ್ದರೂ ಎಸೆಯಿರಿ.

ಡಿಸೆಂಬರ್ ಅಂದರೆ ಭಯ ಇಲ್ಲ ಅನ್ನುವ ಮಾತನ್ನೂ ನಂಬಬೇಡಿ. ಜೂನ್‌ನಿಂದ ಸೆಪ್ಟೆಂಬರ್ ನೀರಿಗೆ ಇಳಿಯಲೇಬಾರದು, ಅದು ಸರಿ. ಆದರೆ 2024ರಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ತೀರಿಕೊಂಡದ್ದು ಡಿಸೆಂಬರ್‌ನಲ್ಲೇ. ಬಯಲು ಸೀಮೆಯ ಮಕ್ಕಳು, ನಮ್ಮ ಹಾಗೇ. ಬೀಚಿಗೆ ಹೋದ ಕೂಡಲೇ ಮೊದಲು ಲೈಫ್‌ಗಾರ್ಡ್ ಎಲ್ಲಿದ್ದಾನೆ ನೋಡಿ, ಎಲ್ಲಿ ಇಳಿಯಬಹುದು ಅಂತ ಅವನನ್ನೇ ಕೇಳಿ. ಒಬ್ಬರು ದಡದಲ್ಲಿ ಕೂತು ತಲೆ ಎಣಿಸುತ್ತಿರಲಿ. ಆ ಕೆಲಸ ಯಾರಿಗೂ ಬೇಡ, ಅದಕ್ಕೆ ಅರ್ಧ ತಾಸಿಗೊಬ್ಬರಂತೆ ಹಂಚಿಕೊಳ್ಳಿ. ಡಬ್ಬಿಗೋ ಕ್ಯಾನ್‌ಗೋ ಒಂದು ಉದ್ದ ಹಗ್ಗ ಕಟ್ಟಿಟ್ಟರೆ ಇನ್ನೂ ಒಳ್ಳೆಯದು.

ಮಧ್ಯಾಹ್ನ ಡಾಕ್ಟರು ಬಿಟ್ಟರು. ಸಂಜೆ ನಾಲ್ಕಕ್ಕೆ ಹೊರಟು, ಘಾಟನ್ನು ಬೆಳಕಿನಲ್ಲೇ ಹತ್ತಿ, ಸೋಮವಾರ ಬೆಳಗಾಗುವ ಮುಂಚೆ ಕಲಬುರಗಿ ಸೇರಿದೆವು. "ನಮ್ಮವ್ವಗ ಹೇಳಬ್ಯಾಡ್ರಿ ಸರ" ಅಂತ ಹುಡುಗ ಕೈ ಹಿಡಿದು ಕೇಳಿಕೊಂಡಿದ್ದ. ನಾನು ಹೇಳಲಿಲ್ಲ. ಮಂಗಳವಾರ ಅವನ ಅಂಗಿ ಒಗೆಯುವಾಗ ಅವನ ತಾಯಿಗೆ ಕಿಸೆಯಲ್ಲಿ ಆಸ್ಪತ್ರೆ ಚೀಟಿ ಸಿಕ್ಕಿದೆ. ಆ ತಾಯಿ ನನಗೇ ಫೋನ್ ಮಾಡಿದರು. ಮೊದಲು ಸ್ವಲ್ಪ ಹೊತ್ತು ಅತ್ತರು. ಆಮೇಲೆ ಬೈದರು.

"ಮನಿ ಮುಂದೇ ಭೀಮಾ ಅದಾಳಲ್ರಿ ಸರ. ಮುಳಗಲಿಕ್ಕಿ ಅಷ್ಟು ದೂರ ರೊಕ್ಕ ಕೊಟ್ಟು ಹೋಗಬೇಕೇನು?"