ಕೊಡಗಿನಲ್ಲಿ ಜಾಗ ತಗೊಳ್ಳಲು ವಕೀಲರು ಬೇಕಾ? ಬೇಕು, ಅದೂ ಮುಂಗಡಕ್ಕೆ ಮೊದಲೇ

ತೋಟವೋ ಮನೆ ಜಾಗವೋ ನೋಡಿ, ಬೆಲೆ ಕುದುರಿದ ಮೇಲೆ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಪತ್ರ ಬರಹಗಾರರಿದ್ದಾರೆ, ಬ್ರೋಕರ್ ಓಡಾಡುತ್ತಾರೆ, ಪಹಣಿ, ಇಸಿ (ಜಾಗದ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರ) ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ, ಮತ್ತೆ ವಕೀಲರಿಗೆ ಬೇರೆ ದುಡ್ಡು ಯಾಕೆ? ನಮ್ಮ ಜಿಲ್ಲೆಯ ಮಟ್ಟಿಗೆ ಉತ್ತರ ಸ್ಪಷ್ಟ. ವಕೀಲರು ಬೇಕು. ಮುಂಗಡ ಕೊಟ್ಟು ಕರಾರಿಗೆ ಸಹಿ ಹಾಕಿದ ಮೇಲೆ ಅವರ ಹತ್ತಿರ ಹೋದರೆ ಅವರು ಮಾಡಬಹುದಾದ ಕೆಲಸದಲ್ಲಿ ಮುಕ್ಕಾಲು ಪಾಲು ಕೈತಪ್ಪಿರುತ್ತದೆ.

ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬುದು ಗೊತ್ತಿರಬೇಕು. ಪತ್ರ ಬರಹಗಾರರು ನೀವು ಕೊಟ್ಟ ವಿವರವನ್ನು ಸರಿಯಾದ ನಮೂನೆಯಲ್ಲಿ ಬರೆಯುತ್ತಾರೆ. ಮಾರುವವರಿಗೆ ಮಾರುವ ಹಕ್ಕು ಇದೆಯೇ ಎಂದು ಹುಡುಕುವುದು ಅವರ ಕೆಲಸವಲ್ಲ. ಸಬ್‌ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು, ಒಡೆತನವನ್ನಲ್ಲ. ಬ್ಯಾಂಕ್ ಸಾಲ ತೆಗೆದರೆ ಬ್ಯಾಂಕಿನ ವಕೀಲರು ನೋಡುತ್ತಾರೆ ನಿಜ, ಆದರೆ ಅವರ ಅಭಿಪ್ರಾಯ ಬ್ಯಾಂಕಿನ ಸಾಲದ ಭದ್ರತೆಗೆ. ಗ್ರಾಮಾಂತರದಲ್ಲಿ 50 ಲಕ್ಷದ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಸುಮಾರು 3.82 ಲಕ್ಷ ಕಟ್ಟುತ್ತೀರಿ. ಅಷ್ಟು ಕಟ್ಟಿದರೂ ನಿಮ್ಮ ಹಕ್ಕಿಗೆ ಸರ್ಕಾರ ಜಾಮೀನು ನಿಲ್ಲುವುದಿಲ್ಲ.

ಇನ್ನು ನಮ್ಮ ಪಹಣಿಯ ವಿಚಾರ. ಮೈಸೂರು ಕಡೆಯವರು ಮೊದಲು ಎಡವುವುದು ಅಳತೆಯಲ್ಲೇ. ಅವರಲ್ಲಿ ಎಕರೆ-ಗುಂಟೆ, ನಮ್ಮಲ್ಲಿ ಎಕರೆ-ಸೆಂಟ್. 2.20 ಎಂದರೆ ಅವರಿಗೆ ಎರಡೂವರೆ ಎಕರೆ. ಇಲ್ಲಿ ಎರಡು ಎಕರೆ ಇಪ್ಪತ್ತು ಸೆಂಟ್. ಮೂವತ್ತು ಸೆಂಟ್ ಅಲ್ಲೇ ಹೋಯಿತು.

ಇದು ಸಣ್ಣ ತೊಡಕು. ದೊಡ್ಡದು ಜಮ್ಮಾ, ಅಂದರೆ ಇಲ್ಲಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು. ಜಮ್ಮಾ ಜಮೀನಿನ ಪಹಣಿ ತೆಗೆದು 9ನೇ ಕಾಲಂ ನೋಡಿ. ಪಟ್ಟೇದಾರರ (ಮನೆತನದ ಪರವಾಗಿ ದಾಖಲಾದ ಹಿರಿಯರ) ಹೆಸರು ಮೇಲೆ, ಅದರ ಕೆಳಗೆ ಒಕ್ಕದ, ಅಂದರೆ ಅದೇ ಮನೆತನದ, ಹತ್ತು ಹದಿನೈದು ಹೆಸರುಗಳು ಸಾಲಾಗಿ ಇರುತ್ತವೆ. ಯಾರಿಗೆ ಎಷ್ಟು ಎಂಬುದು ಇರುವುದಿಲ್ಲ. ಅವರಲ್ಲಿ ಕೆಲವರು ತೀರಿಕೊಂಡು ವರ್ಷಗಳೇ ಆಗಿರಬಹುದು. ಮಾರುವವರು ಮೂರು ಎಕರೆ ತೋರಿಸಿ "ಇದು ನಮ್ಮ ಪಾಲು, ನಲವತ್ತು ವರ್ಷದಿಂದ ನಾವೇ ನೋಡಿಕೊಂಡಿದ್ದೇವೆ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಒಕ್ಕದವರೆಲ್ಲ ಅದನ್ನು ಒಪ್ಪಿಯೂ ಇರುತ್ತಾರೆ. ಆದರೆ ಕಾಗದದಲ್ಲಿ ವಿಭಾಗವಾಗಿಲ್ಲ. ವಿಭಾಗವಾಗದ ಆಸ್ತಿಯಲ್ಲಿ ಒಬ್ಬರು ಮಾರಬಹುದಾದದ್ದು ತಮ್ಮ ಅವಿಭಜಿತ ಪಾಲನ್ನು ಮಾತ್ರ. ಬೇಲಿ ಹಾಕಿದ ಆ ಮೂರು ಎಕರೆಯೇ ನಿಮ್ಮದಾಗುವುದಿಲ್ಲ. ಪಾಲು ಕೇಳಿ ದಾವೆ ಹಾಕುವ ಹಕ್ಕು ನಿಮ್ಮದಾಗುತ್ತದೆ. ಹಣ ಕೊಟ್ಟು ದಾವೆ ಕೊಂಡಂತೆ.

ವಕೀಲರ ನಿಜವಾದ ಕೆಲಸ ಇರುವುದು ಇಲ್ಲಿ. ವಂಶವೃಕ್ಷ ಇಟ್ಟುಕೊಂಡು ಪಹಣಿಯ ಒಂದೊಂದು ಹೆಸರನ್ನೂ ಹೊಂದಿಸಬೇಕು: ಯಾರು ಇದ್ದಾರೆ, ಯಾರು ತೀರಿಕೊಂಡರು, ಅವರ ವಾರಸುದಾರರು ಯಾರು. ನಾಡಕಚೇರಿಯ ವಂಶವೃಕ್ಷ ಅರ್ಜಿದಾರರು ಕೊಟ್ಟ ಪ್ರಮಾಣಪತ್ರದ ಮೇಲೆ ನಿಂತದ್ದು; ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಸಾಮಾನ್ಯ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗಪತ್ರವೋ ಕೋರ್ಟ್ ಡಿಕ್ರಿಯೋ ಆಗಿದ್ದರೆ ಅದು ನಿಲ್ಲುತ್ತದೆ. "ಬಾಯಿಮಾತಿನಲ್ಲಿ ಪಾಲಾಗಿದೆ" ಎಂಬುದನ್ನು ನಂಬಿ ದುಡ್ಡು ಕೊಡಬಾರದು. ಅಪ್ರಾಪ್ತರಿಗೆ ಸೇರಿದ ಆಸ್ತಿಯಾದರೆ ಕೋರ್ಟಿನ ಅನುಮತಿಯ ಪ್ರಶ್ನೆ ಏಳುತ್ತದೆ. ಅನುಮತಿ ಬೇಕಿದ್ದು ಪಡೆಯದಿದ್ದರೆ ಆ ಮಗು ಪ್ರಾಪ್ತ ವಯಸ್ಸಿಗೆ ಬಂದು 3 ವರ್ಷದೊಳಗೆ ಕ್ರಯವನ್ನು ಪ್ರಶ್ನಿಸಬಹುದು.

ದಾರಿ ಎರಡಿದೆ. ಒಕ್ಕದ ಎಲ್ಲ ಪಾಲುದಾರರೂ ಕ್ರಯಪತ್ರಕ್ಕೆ ಸಹಿ ಹಾಕುವುದು ಒಂದು. ಮೊದಲು ನೋಂದಾಯಿತ ವಿಭಾಗಪತ್ರ, ಸರ್ವೆ, ಮಾರುವವರ ಹೆಸರಿಗೆ ಪ್ರತ್ಯೇಕ ಪಹಣಿ, ಆಮೇಲೆ ಕ್ರಯ ಎಂಬುದು ಇನ್ನೊಂದು. ಎರಡನೆಯದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೂ ನಮ್ಮ ಆಯ್ಕೆ ಯಾವತ್ತೂ ಅದೇ. ಒಬ್ಬರು ಬೆಂಗಳೂರು, ಒಬ್ಬರು ದುಬೈ, ಒಬ್ಬರು ಅಮೆರಿಕ ಎಂಬಂತಿರುವ ಕುಟುಂಬಗಳಲ್ಲಿ ಅವರ ಪರವಾಗಿ ಸಹಿ ಹಾಕಲು ಬೇರೊಬ್ಬರಿಗೆ ಅಧಿಕಾರ ಕೊಡುವ ಮುಕ್ತ್ಯಾರುನಾಮೆ ಬರುತ್ತದೆ. ಹೊರದೇಶದಲ್ಲಿ ಬರೆದದ್ದಾದರೆ ಅದು ರಾಜ್ಯಕ್ಕೆ ತಲುಪಿದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಕಟ್ಟಿಸಬೇಕು. ಕೊಟ್ಟವರು ಈಗಲೂ ಬದುಕಿದ್ದಾರೆಯೇ, ರದ್ದು ಮಾಡಿಲ್ಲವೇ ಎಂದು ಅವರ ಜೊತೆಗೇ ಮಾತಾಡಿ ಖಚಿತ ಮಾಡಿಕೊಳ್ಳಿ. ಜಿಪಿಎ (ಸಾಮಾನ್ಯ ಮುಕ್ತ್ಯಾರುನಾಮೆ) ಕೊಟ್ಟು "ಇದೇ ಕ್ರಯ" ಎನ್ನುವವರ ಹತ್ತಿರ ನಿಲ್ಲಲೇಬೇಡಿ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಗದ್ದೆಯ ಜೊತೆ ಬರುವ ಬಾಣೆಯನ್ನು ಬೇರೆಯಾಗಿಯೇ ಓದಿಸಬೇಕು. ದನ ಮೇಯಿಸಲು, ಸೊಪ್ಪು ಸೌದೆಗೆ ಎಂದು ಗದ್ದೆಗೆ ಅಂಟಿಸಿ ಕೊಟ್ಟಿದ್ದ ಜಾಗ ಅದು. ಈಗ ಅದರಲ್ಲಿ ಕಾಫಿ ಬೆಳೆದಿದೆ. ಕಂದಾಯ ಕಾಯ್ದೆಗೆ 2011ರಲ್ಲಿ ಜಮ್ಮಾ ಬಾಣೆಗಾಗಿಯೇ ತಿದ್ದುಪಡಿ ತರಬೇಕಾಯಿತು ಎಂದರೆ ತೊಡಕು ಎಷ್ಟು ಹಳೆಯದು ಎಂದು ತಿಳಿಯುತ್ತದೆ. ಮರಗಳದ್ದು ಇನ್ನೊಂದು ಲೆಕ್ಕ. ಜಮೀನು ರಿಡೀಮ್ಡ್ ಆಗಿದೆಯೋ ಅನ್‌ರಿಡೀಮ್ಡೋ ಕೇಳಿ. ಅನ್‌ರಿಡೀಮ್ಡ್ ಆದರೆ ಮರದ ಬೆಲೆ ಸರ್ಕಾರಕ್ಕೆ ಸಂದಾಯವಾಗಿಲ್ಲ, ಮರದ ಹಕ್ಕು ಸರ್ಕಾರದ್ದು. ಬೀಟೆ ಮರ ತೋರಿಸಿ ಎಕರೆಗೆ ಬೆಲೆ ಏರಿಸಿದವರಿಗೆ ಈ ಪ್ರಶ್ನೆ ಕೇಳಿದ ಮೇಲೆಯೇ ಚೌಕಾಸಿ ಶುರುವಾಗಲಿ. "ದಾಖಲೆ ಆರು ಎಕರೆ, ಅನುಭವ ಹತ್ತು" ಎಂದರೆ ಉಳಿದ ನಾಲ್ಕು ಹೆಚ್ಚಾಗಿ ಪೈಸಾರಿ, ಅಂದರೆ ಸರ್ಕಾರಿ ಜಾಗ. ಅದಕ್ಕೆ ಒಂದು ರೂಪಾಯಿಯೂ ಕೊಡಬೇಡಿ, ಮಾರುವವರದ್ದಲ್ಲದ್ದನ್ನು ಅವರು ಮಾರಲಾರರು.

ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮೂಲ ಮಂಜೂರಾತಿ ಆದೇಶ ನೋಡದೆ ಮುಂದೆ ಹೋಗಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯವೇ ಅನೂರ್ಜಿತ. ನೀವು ನಾಲ್ಕನೇ ಕೈಯಿಂದ ಕೊಂಡಿದ್ದರೂ ಅಷ್ಟೇ. ತಡವಾಗಿ ಕೇಳುತ್ತಿದ್ದಾರೆ ಎಂಬ ವಾದಕ್ಕೆ ಕಾಲಮಿತಿಯ ಆಸರೆ ಸಿಗದಂತೆ 2023ರಲ್ಲಿ ತಿದ್ದುಪಡಿಯೂ ಆಗಿದೆ. ಆ ಕುಟುಂಬಗಳ ರಕ್ಷಣೆಗೆ ಬೇಕಾದ ಕಾನೂನು ಅದು. ಎಚ್ಚರ ಕೊಳ್ಳುವವರ ಹೊಣೆ.

ಇಸಿಯ ವಿಚಾರದಲ್ಲೂ ಒಂದು ಮಾತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೆ ಹಿಂದಿನದನ್ನು ಕಚೇರಿಯ ಪುಸ್ತಕದಿಂದ ತೆಗೆಸಬೇಕು; ಕನಿಷ್ಠ 30 ವರ್ಷದ್ದು ಇರಲಿ. ಇಸಿಯಲ್ಲಿ ಕೋರ್ಟ್ ದಾವೆ ಕಾಣಲೇಬೇಕೆಂದಿಲ್ಲ, ಮೂಲಪತ್ರ ಅಡವಿಟ್ಟು ತೆಗೆದ ಸಾಲವೂ ಕಾಣದೆ ಹೋಗಬಹುದು. ಆದ್ದರಿಂದ ಮೂಲಪತ್ರಗಳನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಜೆರಾಕ್ಸ್ ಮಾತ್ರ ತೋರಿಸುತ್ತಿದ್ದರೆ ಅಸಲು ಎಲ್ಲಿದೆ ಎಂದು ಕೇಳಿ. ಪಹಣಿಯ 11ನೇ ಕಾಲಂನಲ್ಲಿ ಸಹಕಾರ ಸಂಘದ ಬೆಳೆಸಾಲ ಇದ್ದರೆ ತೀರುವಳಿ ಪತ್ರ ಬಂದು, ನಮೂದು ತೆಗೆದುಹಾಕಿದ ಹೊಸ ಪಹಣಿ ಬರಲಿ. ವಕೀಲರು ಕುಟುಂಬದ ಎಲ್ಲರ ಹೆಸರಿನಲ್ಲೂ ಕೋರ್ಟಿನಲ್ಲಿ ಹುಡುಕಿ, 'ಶಕ್ತಿ'ಯಂಥ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಬೇಕು. ಆಕ್ಷೇಪ ಬರದಿದ್ದ ಮಾತ್ರಕ್ಕೆ ಯಾರ ಹಕ್ಕೂ ಸಾಯುವುದಿಲ್ಲ, ಆದರೆ ಮುನಿಸಿಕೊಂಡ ದಾಯಾದಿ ಇದ್ದರೆ ಹಣ ಕೊಡುವ ಮೊದಲೇ ಗೊತ್ತಾಗುತ್ತದೆ.

ವಕೀಲರು ನೋಡದೆ ಇರುವುದೂ ಇದೆ. ಅವರು ತೋಟ ಇಳಿದು ಬಾಂದು ಕಲ್ಲು ಹುಡುಕುವುದಿಲ್ಲ. ಸರ್ವೆಯರ್ ಕರೆಸಿ ಅಳತೆ ಮಾಡಿಸಿ; ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ತೋಡು, ಸಾರ್ವಜನಿಕ ದಾರಿ ಇರುವ ಬಿ ಖರಾಬು ನಿಮ್ಮದಾಗದು. ತೋಟಕ್ಕೆ ಹೋಗುವ ದಾರಿ ಪಕ್ಕದವರ ಜಮೀನಿನಲ್ಲಿ ಹಾದುಹೋಗುತ್ತಿದ್ದರೆ "ಮೊದಲಿಂದಲೂ ಹೀಗೇ ಓಡಾಡುತ್ತಿದ್ದೇವೆ" ಎಂಬುದು ಸಾಲದು. ಪಕ್ಕದವರಿಂದ ಅಗಲ, ಉದ್ದ, ಲಾರಿ ಹೋಗುವ ಹಕ್ಕು ಇಷ್ಟನ್ನೂ ಬರೆಸಿ ನೋಂದಾಯಿಸಿ. ಮನೆ ಕಟ್ಟುವ ಉದ್ದೇಶವಿದ್ದರೆ ಆ ಜಾಗ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿ. 2020ರಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆದರೆ ಕೊಂಡ ಮಾತ್ರಕ್ಕೆ ಕಟ್ಟಲಾಗದು. 2018ರಲ್ಲಿ ಗುಡ್ಡ ಜರಿದದ್ದನ್ನು ಕಂಡ ಊರು ನಮ್ಮದು, ಇಳಿಜಾರಿನ ಜಾಗದಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇಷ್ಟೆಲ್ಲ ಸರಿ ಕಂಡ ಮೇಲೆ ಕರಾರು. ಅದನ್ನು ನಿಮ್ಮ ವಕೀಲರೇ ಬರೆಯಲಿ, ಮಾರುವವರ ಕಡೆಯವರಲ್ಲ. ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್, ಅಳತೆಯಲ್ಲಿ ಕಡಿಮೆ ಬಂದರೆ ಎಕರೆಗೆ ಎಷ್ಟು ಕಡಿತ, ಲೈನ್ ಮನೆಯಲ್ಲಿರುವ ತೋಟದ ಕಾರ್ಮಿಕರ ಬಾಕಿ ಯಾರ ತಲೆಗೆ, ಇವು ಇರಲೇಬೇಕು. ಫಸಲಿನ ಮಾತನ್ನು ಜನ ಮರೆಯುತ್ತಾರೆ. ನವೆಂಬರಿನಲ್ಲಿ ಕರಾರು, ಮಾರ್ಚಿನಲ್ಲಿ ನೋಂದಣಿ ಎಂದಾದರೆ ನಡುವೆ ಅರೇಬಿಕಾ, ರೋಬಸ್ಟಾ ಎರಡೂ ಕುಯ್ಲಾಗುತ್ತದೆ, ಮೆಣಸು ಬಳ್ಳಿಯಲ್ಲಿರುತ್ತದೆ. ಯಾರು ಕೊಯ್ಯಬೇಕು ಎಂದು ಬರೆಯದಿದ್ದರೆ ಜಗಳ ಅಲ್ಲೇ ಶುರು.

ವಕೀಲರನ್ನು ಆರಿಸುವಾಗ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಕೋರ್ಟುಗಳಲ್ಲಿ ಸಿವಿಲ್ ಕೆಲಸ ಮಾಡುವವರನ್ನೇ ನೋಡಿ. ಬೆಂಗಳೂರಿನ ದೊಡ್ಡ ವಕೀಲರಿಗೂ ಜಮ್ಮಾ, ಸಾಗು, ಉಂಬಳಿ, ಬಾಣೆ ಎಂಬ ಇಲ್ಲಿನ ಜಮೀನಿನ ಬಗೆಗಳು ಹೊಸದಾಗಿರಬಹುದು. ಮಾರುವವರೋ ಬ್ರೋಕರೋ ತೋರಿಸಿದವರು ಬೇಡ. ಶುಲ್ಕವನ್ನು ಮೊದಲೇ ಮಾತಾಡಿ, ಅಭಿಪ್ರಾಯವನ್ನು ಬರಹದಲ್ಲಿ, ಯಾವ ಯಾವ ದಾಖಲೆ ನೋಡಿದರು, ಯಾವುದು ಸಿಗಲಿಲ್ಲ ಎಂಬ ಪಟ್ಟಿಯ ಸಮೇತ ಕೇಳಿ. ಸಿಗದ ದಾಖಲೆಗಳ ಆ ಪಟ್ಟಿಯನ್ನು ಮಾರುವವರ ಮುಂದಿಟ್ಟು, ಅವು ಬಂದು ಸೇರುವವರೆಗೆ ಚೆಕ್ಕಿಗೆ ಸಹಿ ಹಾಕಬೇಡಿ.